ದೇವನಹಳ್ಳಿಯ ಹುಡುಗ, ಅರಬ್ಬಿ ಕಡಲಿನ ಅಳಿವೆಗಳು

(1/6)
ದೇವನಹಳ್ಳಿ ಕೋಟೆ ಹತ್ತಿರ ಒಂದು ಚಿಕ್ಕ ಕಲ್ಲಿನ ಮಂಟಪ ಇದೆ, ನೋಡಿದೀರಾ? ಟಿಪ್ಪು ಸುಲ್ತಾನ್ ಹುಟ್ಟಿದ ಜಾಗ ಅದು. ಅಲ್ಲಿಂದ ಅರಬ್ಬಿ ಸಮುದ್ರಕ್ಕೆ ನೇರ ಗೆರೆ ಎಳೆದರೂ ಸುಮಾರು 300 ಕಿ.ಮೀ. ನಮ್ಮ ಅರ್ಕಾವತಿ ಕಾವೇರಿ ಸೇರುತ್ತೆ, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹರಿಯುತ್ತೆ. ಪಡುವಣ ಕಡಲಿಗೆ ಹೋಗೋ ಹೊಳೆ ನಮ್ಮ ಕಡೆ ಇಲ್ಲವೇ ಇಲ್ಲ. ಅಂಥ ಊರಲ್ಲಿ ಹುಟ್ಟಿದವನು ನೌಕಾಪಡೆ ಕಟ್ಟೋಕೆ ಹೊರಟ. ಎಲ್ಲಿ ಕಟ್ಟೋಕೆ ಹೊರಟ ಅನ್ನೋದೇ ಇವತ್ತಿನ ಕಥೆ.

(2/6)
ಮೊದಲು ಒಂದು ಪದ ಕಲಿಯೋಣ: ಅಳಿವೆ. ನದಿ ಸಮುದ್ರ ಸೇರೋ ಬಾಯಿಗೆ ಕರಾವಳಿಯವರು ಹೀಗಂತಾರೆ. ಹೊರಗೆ ಅಲೆ, ಬಾಯಲ್ಲಿ ಮರಳ ದಿಬ್ಬ, ಅದನ್ನು ದಾಟಿ ಒಳಗೆ ಬಂದರೆ ನೀರು ಕೆರೆಯಷ್ಟು ಶಾಂತ. ಹಾಯಿಹಡಗಿನ ಕಾಲದಲ್ಲಿ ಮುಂಗಾರು ಶುರುವಾದರೆ ಕಡಲು ಬಂದ್. ಹಡಗು ಉಳಿಯಬೇಕಂದ್ರೆ ಲಂಗರು ಹಾಕೋಕೆ ಮರೆಯಾದ ಜಾಗ ಬೇಕು. ಇವತ್ತು ಯಾಚ್‌ನಲ್ಲಿ ಲೋಕ ಸುತ್ತೋರು ಹುಡುಕೋದೂ ಇಂಥ ಜಾಗವನ್ನೇ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ: ಉತ್ತರ ಕನ್ನಡದ ಒಂದೇ ಜಿಲ್ಲೆಯಲ್ಲಿ ನಾಲ್ಕು ದೊಡ್ಡ ಅಳಿವೆಗಳಿವೆ. 1498ರಲ್ಲಿ ವಾಸ್ಕೋ ಡ ಗಾಮ ವಾಪಸ್ ಹೋಗುವಾಗ ಹಡಗು ರಿಪೇರಿಗೆ ನಿಂತಿದ್ದು ಕೂಡ ಕಾರವಾರದ ಪಕ್ಕದ ಅಂಜುದೀವ ದ್ವೀಪದ ಮರೆಯಲ್ಲೇ.

(3/6)
1763ರಲ್ಲಿ ಹೈದರ್ ಅಲಿ ಬಿದನೂರು ಗೆದ್ದ. ಜೊತೆಗೆ ಕರಾವಳಿಯೂ ಸಿಕ್ಕಿತು. ಮಂಗಳೂರಲ್ಲಿ ಹಡಗು ಕಟ್ಟಿಸಿದ. 1768ರಲ್ಲಿ ಬಾಂಬೆಯಿಂದ ಬಂದ ಬ್ರಿಟಿಷರು ಮಂಗಳೂರು ಹಿಡಿದಾಗ ಆ ಹಡಗುಗಳು ಅವರ ಪಾಲಾದವು. ಮತ್ತೆ ಕಟ್ಟಿಸಿದ. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಬಂದು ಮಂಗಳೂರಲ್ಲಿ ಲಂಗರು ಹಾಕಿ ನಿಂತಿದ್ದ ಹಡಗುಗಳನ್ನು ನಾಶ ಮಾಡಿದ. ಬಿರುಗಾಳಿಯಿಂದ ಕಾಯೋ ಬಂದರೇ ಶತ್ರು ಬಂದಾಗ ಬೋನು ಆಗಬಹುದು!

(4/6)
ಈಗ ಮಗನ ಸರದಿ. 1786ರ ಮಾರ್ಚ್‌ನಲ್ಲಿ ಟಿಪ್ಪುವಿನ ರಾಯಭಾರಿಗಳು ನಾಲ್ಕು ಹಡಗು ಹತ್ತಿ ಮಸ್ಕತ್ ಮೂಲಕ ಇಸ್ತಾಂಬುಲ್‌ಗೆ ಹೊರಟರು. ಹೊರಟಿದ್ದು ಮಂಗಳೂರಿಂದಲ್ಲ, ಅಘನಾಶಿನಿ ಅಳಿವೆಯ ತದಡಿಯಿಂದ! ಆಮೇಲೆ 1796ರಲ್ಲಿ ದೊಡ್ಡ ಹುಕುಂ ಬಂತು: ಸುಮಾರು 40 ಯುದ್ಧನೌಕೆ, ನೋಡಿಕೊಳ್ಳೋಕೆ ‘ಮೀರ್ ಯಮ್’ ಅನ್ನೋ 11 ಅಧಿಕಾರಿಗಳು. ಹಡಗುಗಳು ಒಂದೇ ಕಡೆ ಇರಬಾರದು, ಮೂರು ನೆಲೆಗಳಿಗೆ ಹಂಚಬೇಕು: ಮಂಗಳೂರು, ಮಿರ್ಜಾನ್ ಹತ್ತಿರ, ಸದಾಶಿವಗಡ. ಮ್ಯಾಪ್ ತೆಗೆದು ನೋಡಿ: ನೇತ್ರಾವತಿ, ಅಘನಾಶಿನಿ, ಕಾಳಿ. ಮೂರೂ ನದಿಬಾಯಿ. ಅಪ್ಪನ ಎರಡು ಸೋಲುಗಳ ಪಾಠ ಈ ಹುಕುಂನಲ್ಲಿದೆ ಅಂತ ನನಗನಿಸುತ್ತೆ.

ಇನ್ನೊಂದನ್ನೂ ಹೇಳಲೇಬೇಕು. ಕರಾವಳಿಯ ನೆನಪಲ್ಲಿ ಟಿಪ್ಪು ಅಂದ್ರೆ ಬರೀ ಹಡಗಲ್ಲ. 1784ರಲ್ಲಿ ಅಲ್ಲಿನ ಕ್ರೈಸ್ತ ಕುಟುಂಬಗಳನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲೂ ಸೆರೆಯಲ್ಲೂ ಎಷ್ಟೋ ಜನ ಸತ್ತರು. ಎರಡೂ ಒಬ್ಬನೇ ಮನುಷ್ಯನ ಚರಿತ್ರೆ.

(5/6)
1799ರ ಮೇ 4ರಂದು ಟಿಪ್ಪು ಸತ್ತ. ನೌಕಾಪಡೆ ಬಹುಪಾಲು ಕಾಗದದ ಮೇಲೇ ಉಳಿಯಿತು. ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಕೊಟ್ಟರು, ಕರಾವಳಿಯನ್ನು ತಾವೇ ಇಟ್ಟುಕೊಂಡರು. ಅಂದಿನಿಂದ 1956ರ ನವೆಂಬರ್ 1ರವರೆಗೆ, 150 ವರ್ಷಕ್ಕೂ ಮೇಲೆ, ಮೈಸೂರು ಸೀಮೆಗೆ ಒಂದು ಮೊಳ ಕಡಲತೀರವೂ ಇರಲಿಲ್ಲ. ಅಲ್ಲಿ ಅಳಿವೆ, ಮಂಜಿ, ಪಡಾವು ಅಂದ್ರೆ ಮನೆಮಾತು. ಇಲ್ಲಿ ನಾವು ಅರ್ಥ ಕೇಳ್ತೀವಿ. ಒಂದೇ ಭಾಷೆ, ಆದರೆ ಮಧ್ಯೆ ಒಂದೂವರೆ ಶತಮಾನದ ಗಡಿ.

(6/6)
ಹಾಗಾದ್ರೆ ಕಡಲು ನಮಗೆ ಸಂಬಂಧ ಇಲ್ಲದ್ದಾ? ಕಾರವಾರದ ದಕ್ಷಿಣಕ್ಕೆ ಭಾರತದ ನೌಕಾಪಡೆ 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ತೆರೆಯಿತು. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿದೆ. ಇನ್ನು ಎತ್ತಿನಹೊಳೆ ಯೋಜನೆ ಗೊತ್ತಲ್ವಾ? ನಮ್ಮ ಬರದ ಸೀಮೆಗೆ ಬರಬೇಕಾಗಿರೋ ಆ 24 ಟಿಎಂಸಿ ನೀರು ನೇತ್ರಾವತಿಯ ಉಪನದಿಗಳದ್ದು, ಅಂದ್ರೆ ಮಂಗಳೂರಿನ ಅಳಿವೆಗೆ ಹೋಗಿ ಸೇರೋ ನೀರು. ನಮಗೆ ಬಾಯಾರಿಕೆ ನಿಜ, ಅಲ್ಲಿಯವರ ಆತಂಕವೂ ನಿಜ. ಆ ನೀರು ಕಡಲಿಗೆ ಸುಮ್ಮನೆ ‘ವೇಸ್ಟ್’ ಆಗ್ತಿದೆ ಅನ್ನೋ ಮುಂಚೆ ಅಳಿವೆ ಏನು ಕೆಲಸ ಮಾಡುತ್ತೆ ಅಂತ ಒಮ್ಮೆ ನೆನೆಸಿಕೊಳ್ಳಿ.

ಮುಂದಿನ ಸಲ ಗೋಕರ್ಣ ಟ್ರಿಪ್ ಹಾಕಿದಾಗ ಬೀಚಲ್ಲೇ ದಿನ ಕಳೀಬೇಡಿ. ಪಕ್ಕದ ತದಡಿಗೆ ಹೋಗಿ, ಆಚೆ ದಡದ ಅಘನಾಶಿನಿ ಊರಿಗೆ ಹೋಗೋ ದೋಣಿ ಹತ್ತಿ. ಯಾಚ್ ಏನೂ ಬೇಕಾಗಿಲ್ಲ. ನಡುನೀರಲ್ಲಿ ತಿರುಗಿ ಕಡಲ ಕಡೆ ನೋಡಿ: 1786ರಲ್ಲಿ ಆ ನಾಲ್ಕು ಹಡಗು ಹೊರಟಿದ್ದು ಅದೇ ಬಾಯಿಂದ.

ಅಳಿವೆಗೆ ನಿಮ್ಮ ಮನೆ ಕಡೆ ಬೇರೆ ಪದ ಇದ್ರೆ ಕಾಮೆಂಟಲ್ಲಿ ಬರೀರಿ 👇

#ದೇವನಹಳ್ಳಿ #ತದಡಿ #ಅಘನಾಶಿನಿ #ನಮ್ಮಇತಿಹಾಸ #ಬೆಂಗಳೂರುಗ್ರಾಮಾಂತರ