ಅಸ್ಥಿರಂಧ್ರತೆ (ಟೊಳ್ಳುಮೂಳೆ)

ಮೂಳೆಯ ಸಾಂದ್ರತೆ ಕುಗ್ಗಿ, ಒಳರಚನೆ ಟೊಳ್ಳಾಗಿ, ಸಣ್ಣ ಪೆಟ್ಟಿಗೂ ಮುರಿಯುವ ಸ್ಥಿತಿ, ಆಸ್ಟಿಯೋಪೊರೋಸಿಸ್. ಮುರಿಯುವವರೆಗೆ ಸಾಮಾನ್ಯವಾಗಿ ನೋವಿರುವುದಿಲ್ಲ. ಸೊಂಟ, ಬೆನ್ನುಮೂಳೆ, ಮಣಿಕಟ್ಟುಗಳಿಗೆ ಅಪಾಯ ಹೆಚ್ಚು. ಮೂವತ್ತರ ಆಸುಪಾಸಿನಲ್ಲಿ ಮೂಳೆ ಗರಿಷ್ಠ ಗಟ್ಟಿತನ ಮುಟ್ಟುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಸವೆತ ಚುರುಕಾಗುತ್ತದೆ. ದೀರ್ಘಕಾಲದ ಸ್ಟೀರಾಯ್ಡ್ ಮಾತ್ರೆ, ತಂಬಾಕು, ಮದ್ಯ ಸವೆತವನ್ನು ಹೆಚ್ಚಿಸುತ್ತವೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಅಂಕ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ರೋಗವೆಂದು ಗಣನೆ.

ಚಳ್ಳಕೆರೆ ಸೀಮೆ, ಪಕ್ಕದ ಮೊಳಕಾಲ್ಮೂರುಗಳಲ್ಲಿ ಇನ್ನೊಂದು ತೊಡಕುಂಟು: ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ವರ್ಷಗಟ್ಟಲೆ ಮೈಸೇರಿದರೆ ಕೀಲು ಬಿಗಿದು, ಮೂಳೆ ದಪ್ಪಗಾದರೂ ಪೆಡಸಾಗುತ್ತದೆ. ಆಗ ಸಾಂದ್ರತೆಯ ಅಂಕ ಚೆನ್ನಾಗಿ ಕಂಡು ದಾರಿ ತಪ್ಪಿಸಬಹುದು. ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆಯಿರುವ ಊಟ ಈ ಹಾನಿಯನ್ನು ಹೆಚ್ಚಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಕುದಿಸಿದರೆ ಫ್ಲೋರೈಡ್ ಹೋಗದು.

ತಡೆಗೆ ಊರಿನ ಅಡುಗೆಮನೆಯೇ ಸಾಕಷ್ಟು ಕೊಡುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ನುಗ್ಗೆಸೊಪ್ಪು, ಎಳ್ಳು, ಮಜ್ಜಿಗೆ ಜೊತೆಗಿರಲಿ. ಇಲ್ಲಿ ಧಾರಾಳವಾಗಿ ಬೆಳೆಯುವ ಶೇಂಗಾದಲ್ಲಿ ಕ್ಯಾಲ್ಸಿಯಂ ಕಡಿಮೆ. ದಿನವೆಲ್ಲ ಮಗ್ಗದ ಕುಣಿಯಲ್ಲಿ ಕೂರುವ ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೆ ಬಿಸಿಲು, ನಡಿಗೆ ಎರಡೂ ಬೇಕು. ಐವತ್ತು ದಾಟಿದವರು ನಿಂತಲ್ಲೇ ಬಿದ್ದು ಮೂಳೆ ಮುರಿದುಕೊಂಡರೆ, ಕಟ್ಟು ಹಾಕಿಸಿ ಸುಮ್ಮನಾಗದೆ ಮೂಳೆಯ ಸಾಂದ್ರತೆಯನ್ನೂ ಪರೀಕ್ಷಿಸಿಕೊಳ್ಳಬೇಕು.