ತಿಥಿಯುಳ್ಳ ಅತಿಥಿ: ಅಹಮದಾಬಾದಿನ ಪೋಳದ ಮನೆಗಳು

ಬರುವ ತಿಥಿ ಗೊತ್ತಿಲ್ಲದವನೇ ಅತಿಥಿ ಎಂಬುದು ಆ ಪದಕ್ಕೆ ಪರಂಪರೆ ಕೊಟ್ಟ ನಿರುಕ್ತಿ. ಜೈನ ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದಾದ ಅತಿಥಿಸಂವಿಭಾಗವೂ ಈ ಅರ್ಥವನ್ನೇ ನೆಚ್ಚಿದೆ. ಅಲ್ಲಿ ಮೊದಲ ಅತಿಥಿ ಮುನಿಗಳು. ಅವರು ಹೇಳಿ ಬರುವುದಿಲ್ಲ, ಬಂದು ನೆಲೆಯೂರುವುದೂ ಇಲ್ಲ. ಅಹಮದಾಬಾದಿನ ಹಳೆಯ ಮನೆಗಳಲ್ಲಿ ಈಗ ತಂಗುವ ಅತಿಥಿ ಇದಕ್ಕೆ ತೀರ ವಿರುದ್ಧವಾದವನು. ಅವನ ತಿಥಿ ಮೊದಲೇ ನಿಶ್ಚಿತ, ಬಾಡಿಗೆ ನಿಶ್ಚಿತ, ಹೊರಡುವ ವೇಳೆಯೂ ನಿಶ್ಚಿತ. ಆದರೂ ಅಂಥ ಕೆಲವು ಮನೆಗಳ ಸೂರು ಇಂದಿಗೂ ಉಳಿದಿರುವುದು ಅವನ ಹಣದಿಂದಲೇ.

1411ರಲ್ಲಿ ಸುಲ್ತಾನ ಅಹಮದ್ ಷಾ ಸಾಬರಮತಿಯ ಪೂರ್ವದಂಡೆಯಲ್ಲಿ ಸ್ಥಾಪಿಸಿದ ಈ ನಗರದ ವಸತಿಗೇರಿಗಳಿಗೆ ಪೋಳ್ ಎಂದು ಹೆಸರು. ಸಂಸ್ಕೃತದ ಪ್ರತೋಲೀ ಎಂಬುದು ಇದರ ಮೂಲ. ಹೆಬ್ಬಾಗಿಲು ಎಂದು ಅದರ ಒಂದು ಅರ್ಥ. (ಪಟ್ಟಣವೆಂಬ ಅರ್ಥದ ಹಳಗನ್ನಡದ ಪೊೞಲ್ ಕಿವಿಗೆ ಹತ್ತಿರವೆನಿಸಿದರೂ ಅದು ದ್ರಾವಿಡ ಮೂಲದ ಬೇರೆಯೇ ಪದ.) ಹೆಸರಿಗೆ ತಕ್ಕಂತೆ ಕೇರಿಗೊಂದು ಬಾಗಿಲು, ಅದರ ಮೇಲೆ ಕಾವಲುಗಾರನ ಕೋಣೆ. ಇರುಳಾದರೆ ಬಾಗಿಲು ಮುಚ್ಚುತ್ತಿತ್ತು. 18ನೆಯ ಶತಮಾನದ ಮೊಗಲ-ಮರಾಠಾ ಕಲಹಗಳ ಕಾಲದಲ್ಲಿ ಈ ಬಾಗಿಲುಗಳ ಅಗತ್ಯ ಇನ್ನಷ್ಟು ಹೆಚ್ಚಿತು. ಒಂದೇ ವೃತ್ತಿಯ, ಒಂದೇ ಸಮುದಾಯದ ಕುಟುಂಬಗಳು ಒಳಗೆ, ಅಪರಿಚಿತ ಹೊರಗೆ. ಪರದೇಶಿಗೆ ಧರ್ಮಶಾಲೆಯಿತ್ತು, ಪೋಳದ ಮನೆಯಲ್ಲ.

ಮನೆಯ ವಿನ್ಯಾಸವೂ ಇದನ್ನೇ ಹೇಳುತ್ತದೆ. ಬೀದಿಗೆ ಓಟಲೋ, ಅಂದರೆ ಕನ್ನಡಿಗರ ಜಗಲಿ. ಅದನ್ನು ದಾಟಿದರೆ ಖಡಕಿ ಎಂಬ ಮುಂಗೋಣೆ, ಆಮೇಲೆ ಆಕಾಶಕ್ಕೆ ತೆರೆದ ಚೌಕ. ಮಲೆನಾಡಿನ ತೊಟ್ಟಿಮನೆಯನ್ನು ಬಲ್ಲವರಿಗೆ ಈ ಚೌಕ ಹೊಸದೆನಿಸದು. ಆದರೆ ಇಲ್ಲಿ ಅಕ್ಕಪಕ್ಕದ ಮನೆಗಳಿಗೆ ಗೋಡೆಯೊಂದೇ ಆದ್ದರಿಂದ ಗಾಳಿ ಬೆಳಕುಗಳಿಗೆ ಅದೇ ಮುಖ್ಯ ದಾರಿ. ಚೌಕದ ಕೆಳಗೆ ಟಾಂಕಾ: ಸುಣ್ಣದ ಗಾರೆಯ ನೆಲಮಾಳಿಗೆ ತೊಟ್ಟಿ. ಮಾಳಿಗೆಯ ಮೇಲೆ ಬಿದ್ದ ಮಳೆನೀರು ಕೊಳವೆಯಿಂದ ಇಳಿದು, ಬಿಸಿಲು ಕಾಣದೆ, ವರ್ಷವಿಡೀ ಕುಡಿಯಲು ಒದಗುತ್ತಿತ್ತು. ನೆಲದ ನೀರು ಉಪ್ಪಾಗಿರುವ ಊರಿನಲ್ಲಿ ಮನೆಯ ನಿಜವಾದ ಭಂಡಾರವೆಂದರೆ ಇದೇ. ಕೆತ್ತನೆಯ ತೇಗದ ಬೋದಿಗೆಗಳನ್ನು ಕಂಡು ಮರುಳಾಗುವ ಪ್ರವಾಸಿ ಕಾಲಡಿಯ ಈ ಭಂಡಾರವನ್ನು ಕೇಳಿ ನೋಡಬೇಕು.

ಇಷ್ಟು ಭದ್ರವಾದ ಮನೆಗಳು ಬರಿದಾದದ್ದು ಶತ್ರುವಿನಿಂದಲ್ಲ, ಸೇತುವೆಯಿಂದ. ಸಾಬರಮತಿಯ ಮೇಲಿನ ಮೊದಲ ಸೇತುವೆಯನ್ನು 1875ರ ಪ್ರವಾಹ ಒಯ್ದಿತು. 1892ರಲ್ಲಿ ಉಕ್ಕಿನ ಎಲ್ಲಿಸ್ ಸೇತುವೆ ನಿಂತಿತು. ಗಿರಣಿಗಳಿಂದ ಸಿರಿವಂತರಾದವರು ಮೆಲ್ಲಮೆಲ್ಲನೆ ನದಿಯಾಚೆಯ ಬಂಗಲೆಗಳಿಗೆ ಹೋದರು. 20ನೆಯ ಶತಮಾನದ ಕೊನೆಯ ದಶಕಗಳ ಗಲಭೆಗಳು ಉಳಿದವರಲ್ಲಿ ಅನೇಕರನ್ನು ಎಬ್ಬಿಸಿದವು. ಬೀಗ ಬಿದ್ದ ಮರದ ಮನೆಯನ್ನು ಗೆದ್ದಲು ಬಿಡುವುದಿಲ್ಲ. ವಿಪರ್ಯಾಸವೆಂದರೆ, 2001ರ ಜನವರಿ 26ರ ಭೂಕಂಪದಲ್ಲಿ ನಗರದ ಹೊಸ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತಾಗ, ಇಟ್ಟಿಗೆಯ ನಡುವೆ ಮರದ ಪಟ್ಟಿ ಹೆಣೆದ ಈ ಹಳೆಯ ಮನೆಗಳು ಬಹುಮಟ್ಟಿಗೆ ತಾಳಿಕೊಂಡವು.

ಬಾಗಿಲು ತೆರೆಯುವ ಯೋಚನೆ ಬಂದದ್ದು ಈ ಹಿನ್ನೆಲೆಯಲ್ಲಿ. 1997ರಲ್ಲಿ ನಗರಪಾಲಿಕೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ ಪಾರಂಪರಿಕ ನಡಿಗೆಯನ್ನು ಆರಂಭಿಸಿತು. ಗಿರಣಿಯ ಒಡೆಯ ಮಂಗಳದಾಸ್ ಗಿರಧರದಾಸರು ಸೀದಿ ಸಯ್ಯದ್ ಮಸೀದಿಯ ಎದುರು 1924ರಲ್ಲಿ ಕಟ್ಟಿಸಿದ ಮನೆಯನ್ನು ಅವರ ವಂಶಜರೇ ತಂಗುಮನೆಯಾಗಿಸಿದರು. 2017ರಲ್ಲಿ ಯುನೆಸ್ಕೋ ಇದನ್ನು ಭಾರತದ ಮೊದಲ ವಿಶ್ವ ಪರಂಪರೆಯ ನಗರವೆಂದು ಸೇರಿಸಿಕೊಂಡಿತು.

ತೆರೆದ ಬಾಗಿಲಿಗೂ ಬೆಲೆಯುಂಟು. ಪ್ರತಿ ಕೋಣೆಗೂ ಬಚ್ಚಲು ಬೇಕೆಂದು ಅತಿಥಿ ಬಯಸುತ್ತಾನೆ; ಹಳೆಯ ಮನೆಯ ಮಹಡಿ ನೀರಿಗಾಗಿ ಕಟ್ಟಿದ್ದಲ್ಲ. ತೊಲೆಯ ಮೇಲೆ ಸೋರುವ ಒಂದು ನಲ್ಲಿ ಒಂದು ಶತಮಾನದ ಬಿಸಿಲಿಗಿಂತ ಹೆಚ್ಚು ಕೇಡು ಮಾಡಬಲ್ಲದು. ಬಚ್ಚಲು ಕೆಳಗಿರಲಿ, ಅತಿಥಿಯೇ ಮೆಟ್ಟಿಲಿಳಿಯಲಿ ಎನ್ನುವುದೇ ಸರಿ. ಅಡುಗೆಮನೆಯದು ಇನ್ನೊಂದು ಬಗೆ. ಸೂರ್ಯಾಸ್ತಕ್ಕೆ ಮುನ್ನ ಉಂಡು ಮುಗಿಸುವ, ಗೆಡ್ಡೆಗೆಣಸು ಮುಟ್ಟದ ಜೈನ ಗೃಹಸ್ಥರ ಮನೆಗೆ ರಾತ್ರಿ ಒಂಬತ್ತಕ್ಕೆ ಹಸಿದು ಬಂದವನನ್ನು ಏನು ಮಾಡುವುದು? ವ್ರತ ಮುರಿದರೆ ಅದು ಆ ಮನೆಯಾಗಿ ಉಳಿಯದು. ಹಸಿವಿನಲ್ಲಿ ಮಲಗಿಸಿದರೆ ಆತಿಥ್ಯವೆನಿಸದು. ವೇಳೆಯನ್ನು ಮೊದಲೇ ತಿಳಿಸುವುದೊಂದೇ ದಾರಿ. ತಿಥಿಯುಳ್ಳ ಅತಿಥಿಯಿಂದ ಆಗುವ ಅನುಕೂಲ ಇದೊಂದು.

ಜನವರಿ 14ರ ಉತ್ತರಾಯಣದಂದು ಪೋಳದ ಮಾಳಿಗೆಗಳೂ ಬಾಡಿಗೆಗೆ ಹೋಗುತ್ತವೆ. ಒತ್ತೊತ್ತಾಗಿರುವ ಮಾಳಿಗೆಗಳಿಲ್ಲದೆ ಗಾಳಿಪಟದ ಕಾಳಗ ರಂಗೇರದು. ಅಂದು ಹಣ ತೆತ್ತು ಮೆಟ್ಟಿಲೇರುವವರಲ್ಲಿ ವಿದೇಶಿಯರಷ್ಟೇ ಅಲ್ಲ, ಎಂದೋ ನದಿ ದಾಟಿಹೋದ ಅಹಮದಾಬಾದಿನವರೂ ಇರುತ್ತಾರೆ.