ಮೂರು ದಿನದ ರಜೆಗೆ ಯಾವ ದಿಲ್ಲಿ?

ಶುಕ್ರವಾರ ರಾತ್ರಿ ಬಂದು ಸೋಮವಾರ ಮಧ್ಯಾಹ್ನದ ವಿಮಾನಕ್ಕೆ ಹೊರಡುವುದು. ವಸಂತ್ ಕುಂಜ್‌ನ ಡಿಡಿಎ ಫ್ಲ್ಯಾಟುಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಊರಿನಿಂದ ನೆಂಟರು ಬರುವುದು ಹೆಚ್ಚಾಗಿ ಹೀಗೆಯೇ. ಕಾಫಿ ಕುಡಿಯುವ ಹೊತ್ತಿಗೇ ಪಟ್ಟಿ ಶುರುವಾಗುತ್ತದೆ. ಅಕ್ಕನಿಗೆ ಕೆಂಪುಕೋಟೆ ಆಗಬೇಕು, ಭಾವನಿಗೆ ಕುತುಬ್ ಮಿನಾರ್, ಮಕ್ಕಳಿಗೆ ತಾಜ್ ಮಹಲ್, ಅಮ್ಮನಿಗೆ ಅಕ್ಷರಧಾಮ. ಆಗ್ರಾಕ್ಕೆ ಒಂದು ದಿನ ಕೊಟ್ಟರೆ ದಿಲ್ಲಿಗೆ ಉಳಿಯುವುದು ಒಂದೂವರೆ ದಿನ. ಕೊನೆಗೆ ಎಲ್ಲವನ್ನೂ ಓಡಿ ಓಡಿ ನೋಡಿ, ಯಾವುದನ್ನೂ ಸರಿಯಾಗಿ ನೋಡದೆ, ಸರೋಜಿನಿ ನಗರದಲ್ಲಿ ಸ್ವೆಟರ್ ಕೊಂಡು ಮರಳುತ್ತಾರೆ.

ಸಣ್ಣ ರಜೆಯ ಈ ಲೆಕ್ಕಾಚಾರ ಎಲ್ಲ ಕಡೆಯೂ ಇದ್ದದ್ದೇ. ಐರ್ಲೆಂಡಿಗೆ ಐದು ದಿನ ಹೋಗುವವರು ಡಬ್ಲಿನ್ ಸಾಕೇ, ಗಾಲ್ವೇಗೂ ಹೋಗಬೇಕೇ, ಕಾರ್ಕ್ ಬಿಡಬಹುದೇ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ದಿಲ್ಲಿಯಲ್ಲಿ ಇನ್ನೊಂದು ತೊಡಕಿದೆ. ಆಯ್ಕೆ ಮಾಡಬೇಕಾದ ಊರುಗಳೆಲ್ಲ ಒಂದೇ ಊರಿನ ಒಳಗಿವೆ.

ಏಳು ಎಂಬ ಲೆಕ್ಕ

‘ದಿಲ್ಲಿಯ ಏಳು ನಗರಗಳು’ ಎಂಬ ಮಾತು ಗೈಡುಗಳ ಬಾಯಲ್ಲಿ ಈಗ ಸಹಜವಾಗಿದೆ. 1906ರಲ್ಲಿ ಗಾರ್ಡನ್ ರಿಸ್ಲಿ ಹರ್ನ್ ಎಂಬ ಬ್ರಿಟಿಷ್ ಅಧಿಕಾರಿ ಬರೆದ ಕೈಪಿಡಿಯ ಹೆಸರೇ ಅದು. ಸಾಮಾನ್ಯವಾಗಿ ಎಣಿಸುವ ಕ್ರಮ ಹೀಗಿದೆ: ತೋಮರರ ಲಾಲ್ ಕೋಟ್ ಮತ್ತು ಅದನ್ನು ಚೌಹಾಣರು ಹಿಗ್ಗಿಸಿದ ಕಿಲಾ ರಾಯ್ ಪಿಥೋರಾ, ಅಲಾವುದ್ದೀನ್ ಖಿಲ್ಜಿಯ ಸಿರಿ, ಘಿಯಾಸುದ್ದೀನ್ ತುಘಲಕನ ತುಘಲಕಾಬಾದ್, ಅವನ ಮಗ ಮುಹಮ್ಮದನ ಜಹಾಂಪನಾಹ್, ಫಿರೋಜ್ ಶಹನ ಫಿರೋಜಾಬಾದ್, ಹುಮಾಯೂನ್ ಮತ್ತು ಶೇರ್ ಶಹ ಕಟ್ಟಿದ ಪುರಾನಾ ಕಿಲಾ, ಕೊನೆಗೆ ಶಹಜಹಾನಾಬಾದ್. 1931ರಲ್ಲಿ ಉದ್ಘಾಟನೆಯಾದ ನವದೆಹಲಿ ಸೇರಿದರೆ ಎಂಟು.

ಎಣಿಸುವವರು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. 1334ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕೊದ ಇಬ್ನ್ ಬತೂತ ದಿಲ್ಲಿ ಎಂದರೆ ನಾಲ್ಕು ಊರು ಎಂದ: ಹಳೆಯ ದಿಲ್ಲಿ, ಸಿರಿ, ತುಘಲಕಾಬಾದ್, ಜಹಾಂಪನಾಹ್. ಉಳಿದವು ಆಗ ಹುಟ್ಟಿಯೇ ಇರಲಿಲ್ಲ. ಇಂದಿನ ಪ್ರವಾಸಿ ಮೊದಲು ಓಡುವ ಕೆಂಪುಕೋಟೆಗೆ ಅಡಿಪಾಯ ಬಿದ್ದದ್ದು ಅದಾಗಿ ಮುನ್ನೂರು ವರ್ಷಗಳ ನಂತರ, 1639ರಲ್ಲಿ.

ಬತೂತ ಕಂಡ ನಾಲ್ಕು ಊರುಗಳೂ ಇಂದಿನ ದಕ್ಷಿಣ ದಿಲ್ಲಿಯಲ್ಲಿವೆ. ತುಘಲಕಾಬಾದ್ ಒಂದು ಸ್ವಲ್ಪ ದೂರ. ಉಳಿದ ಮೂರು ವಸಂತ್ ಕುಂಜ್‌ನಿಂದ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರ. ಕನ್ನಡ ನಾಡಿನ ಚರಿತ್ರೆಗೆ ತಗುಲಿಕೊಂಡಿರುವ ದಿಲ್ಲಿಯೂ ಇದೇ. ನೆಂಟರಿಗೆ ಎರಡೇ ದಿನ ಇದ್ದರೆ ಮೊದಲು ತೋರಿಸಬೇಕಾದದ್ದು ಈ ದಿಲ್ಲಿಯನ್ನು.

ಮೊದಲ ದಿನ: ಮೆಹ್ರೋಲಿ, ಸಿರಿ

ಕುತುಬ್ ಮಿನಾರ್ ಹೇಗೂ ಪಟ್ಟಿಯಲ್ಲಿದೆ, ಇರಲಿ. ಕುತುಬುದ್ದೀನ್ ಐಬಕ್ ಶುರು ಮಾಡಿ ಅಳಿಯ ಇಲ್ತುತ್‌ಮಿಷ್ ಮೇಲೆತ್ತಿದ ಈ 72.5 ಮೀಟರ್ ಎತ್ತರದ ಗೋಪುರದ ಕೆಳಗೆ ನಿಂತಾಗ ತಲೆ ತಾನಾಗಿ ಮೇಲೆ ಹೋಗುತ್ತದೆ. ಫೋಟೋ ಆದ ಮೇಲೆ ಮಿನಾರಿನ ಪಕ್ಕದಲ್ಲೇ ಇರುವ ಕೆಂಪುಕಲ್ಲು ಮತ್ತು ಅಮೃತಶಿಲೆಯ ಚೌಕ ಬಾಗಿಲುಮನೆಯ ಮುಂದೆ ಐದು ನಿಮಿಷ ಹೆಚ್ಚು ನಿಲ್ಲಬೇಕು. ಅದು ಅಲಾಯಿ ದರ್ವಾಜಾ. ಅಲಾವುದ್ದೀನ್ ಖಿಲ್ಜಿ ಕಟ್ಟಿಸಿದ್ದು, 1311ರಲ್ಲಿ.

ಅದೇ 1311ರ ಫೆಬ್ರವರಿಯಲ್ಲಿ ಅಲಾವುದ್ದೀನನ ಸೇನಾನಿ ಮಲಿಕ್ ಕಾಫರ್ ದ್ವಾರಸಮುದ್ರದ ಮುಂದೆ ಬಂದು ನಿಂತ. ಹೊಯ್ಸಳ ಮೂರನೆಯ ವೀರಬಲ್ಲಾಳ ಪಾಂಡ್ಯ ಸೋದರರ ಜಗಳದ ಲಾಭ ಪಡೆಯಲು ದಕ್ಷಿಣಕ್ಕೆ ಹೋಗಿದ್ದವನು ಸುದ್ದಿ ಕೇಳಿ ಹಿಂತಿರುಗಿದ. ದೊಡ್ಡ ಕದನವಾಗಲಿಲ್ಲ. ಬಲ್ಲಾಳ ಸಂಧಿಗೆ ಒಪ್ಪಿ ಸಂಪತ್ತು ಒಪ್ಪಿಸಿದ, ಮುಂದಿನ ದಂಡಯಾತ್ರೆಗೆ ದಾರಿಯನ್ನೂ ತೋರಿಸಬೇಕಾಯಿತು. ಕಾಫರ್ ಮಧುರೆಯವರೆಗೂ ಹೋಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ದಿಲ್ಲಿಗೆ ಮರಳಿದ.

ತಂದದ್ದೆಷ್ಟು? ಆಗ ಬದುಕಿದ್ದ ಅಮೀರ್ ಖುಸ್ರೋ 512 ಆನೆ, 5,000 ಕುದುರೆ ಎನ್ನುತ್ತಾನೆ. ಸುಮಾರು ನಲವತ್ತೈದು ವರ್ಷಗಳ ನಂತರ ಬರೆದ ಬರನಿಯ ಪ್ರಕಾರ 612 ಆನೆ, 20,000 ಕುದುರೆ. ಕಥೆ ಹಳೆಯದಾದಂತೆ ಆನೆಗಳು ನೂರು ಹೆಚ್ಚಾದವು, ಕುದುರೆಗಳು ನಾಲ್ಕು ಪಟ್ಟಾದವು. ಹೆಚ್ಚಿನ ಆನೆಗಳು ಪಾಂಡ್ಯರ ನಾಡಿನವು. ಆದರೂ ಆ ಮೆರವಣಿಗೆಯಲ್ಲಿ ಹೊಯ್ಸಳರ ಲಾಯದಿಂದ ಬಂದವೂ ಇದ್ದವು. ಅವೆಲ್ಲವನ್ನೂ ಸುಲ್ತಾನನ ಮುಂದೆ ತಂದು ನಿಲ್ಲಿಸಿದ್ದು ಸಿರಿಯ ಅರಮನೆಯಲ್ಲಿ.

ಹಾಗಾಗಿ ಮಧ್ಯಾಹ್ನಕ್ಕೆ ಸಿರಿ. ಅಲ್ಲಿ ನೋಡಲು ಏನಿದೆ ಎಂದು ಭಾವ ಕೇಳಿದರೆ ಉತ್ತರ ಕೊಡುವುದು ಕಷ್ಟ. ಶಾಹಪುರ್ ಜಾಟ್ ಹಳ್ಳಿಯ ಓಣಿಗಳು, ಬಟ್ಟೆ ಅಂಗಡಿಗಳು, 1982ರ ಏಷ್ಯಾಡ್ ಸಮಯದಲ್ಲಿ ಎದ್ದ ಆಟಗಾರರ ವಸತಿ, ಸಿರಿ ಫೋರ್ಟ್ ಸಭಾಂಗಣ. ಇವುಗಳ ನಡುವೆ ಅಲ್ಲಲ್ಲಿ ಒರಟು ಕಲ್ಲಿನ ಗೋಡೆಯ ತುಂಡುಗಳು. ಅರಮನೆ ಇಲ್ಲ. ಆನೆಗಳು ನಿಂತ ಅಂಗಳ ಯಾವುದೆಂದು ಬೊಟ್ಟು ಮಾಡಿ ತೋರಿಸಲು ಏನೂ ಉಳಿದಿಲ್ಲ. ಇತ್ತ ದ್ವಾರಸಮುದ್ರ ಹಳೇಬೀಡಾಯಿತು, ನಿಜ. ಆದರೆ ಅಲ್ಲಿ ಹೊಯ್ಸಳೇಶ್ವರ ಇಂದಿಗೂ ನಿಂತಿದ್ದಾನೆ. 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದ. ಹಳೇಬೀಡನ್ನು ಕಂಡವರು ಒಮ್ಮೆ ಸಿರಿಯನ್ನೂ ಕಂಡರೆ ಗೆದ್ದವರು–ಸೋತವರ ಕಥೆ ಶಾಲೆಯ ಪುಸ್ತಕದಲ್ಲಿದ್ದಷ್ಟು ಸರಳವಾಗಿ ಉಳಿಯುವುದಿಲ್ಲ.

ಸಿರಿಗೆ ಇನ್ನೊಂದು ನಂಟಿದೆ. ಸಂಧಿಯ ನಂತರ ಬಲ್ಲಾಳ ತನ್ನ ಮಗ ವಿರೂಪಾಕ್ಷನನ್ನು ದಿಲ್ಲಿಗೆ ಕಳಿಸಬೇಕಾಯಿತು. ಅವನು ಕ್ಷೇಮವಾಗಿ ಮರಳಿದ್ದನ್ನು 1313ರ ಕನ್ನಡ ಶಾಸನವೊಂದು ದಾಖಲಿಸಿದೆ. ಇವತ್ತು ಎರಡು ಮುಕ್ಕಾಲು ಗಂಟೆಯ ವಿಮಾನದಲ್ಲಿ ಬಂದುಹೋಗುವವರಿಗೆ ಆ ಮರಳುವಿಕೆ ಏಕೆ ಕಲ್ಲಿನಲ್ಲಿ ಕೆತ್ತುವಂಥ ಸುದ್ದಿಯಾಯಿತು ಎಂದು ತಿಳಿಯಬೇಕಾದರೆ, ದಿಲ್ಲಿಗೆ ಹೋದ ಮಗ ಹಿಂತಿರುಗುತ್ತಾನೋ ಇಲ್ಲವೋ ಎಂದು ಕಾದು ಕುಳಿತ ಮನೆಯನ್ನು ನೆನೆಯಬೇಕು.

ಎರಡನೆಯ ದಿನ: ಜಹಾಂಪನಾಹ್, ಕೋಟ್ಲಾ

ಮಾಳವೀಯ ನಗರದ ಹತ್ತಿರದ ಬೇಗಂಪುರ ಹಳ್ಳಿಯಲ್ಲಿ ತುಘಲಕರ ಕಾಲದ ಭಾರಿ ಮಸೀದಿಯೊಂದಿದೆ. ಅದರ ಅಂಗಳಕ್ಕೆ ಕಾಲಿಟ್ಟಾಗ, ಇಷ್ಟು ದೊಡ್ಡದು ಈ ಓಣಿಯೊಳಗೆ ಹೇಗೆ ಅಡಗಿತ್ತು ಎನಿಸುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬಿಜಯ್ ಮಂಡಲ್. ಮುಹಮ್ಮದ್ ಬಿನ್ ತುಘಲಕನ ‘ಸಾವಿರ ಕಂಬ’ದ ದರ್ಬಾರು ಇದ್ದದ್ದು ಇಲ್ಲಿಯೇ ಎನ್ನುತ್ತಾರೆ. ಕಂಬಗಳು ಮರದವಾಗಿದ್ದವು ಎಂದು ಬತೂತ ಬರೆದಿದ್ದಾನೆ. ಕಂಬ ನಿಲ್ಲಿಸಿದ್ದ ಕಲ್ಲುಗಳು ಮಾತ್ರ ಉಳಿದಿವೆ.

ಈ ದರ್ಬಾರಿಗೂ ಕನ್ನಡ ನಾಡಿಗೂ ಇದ್ದ ನಂಟು ಕಹಿಯಾದದ್ದು. ಸುಲ್ತಾನನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಶಾಸ್ಪ್ ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು ತಿರುಗಿಬಿದ್ದ. ಸೋತು ಓಡಿ ಕಂಪಿಲಿಯ ರಾಜನ ಆಶ್ರಯ ಪಡೆದ. ಆಶ್ರಯ ಕೊಟ್ಟವನನ್ನು ಹಿಡಿದುಕೊಡಲಾರೆನೆಂದ ಕಂಪಿಲರಾಯ 1327ರ ಸುಮಾರಿಗೆ ರಾಜ್ಯ ಮತ್ತು ಪ್ರಾಣ ಎರಡನ್ನೂ ಕಳೆದುಕೊಂಡ. ಕುಮಾರರಾಮನ ಕಥೆಯಾಗಿ ಕನ್ನಡದಲ್ಲಿ ಇಂದಿಗೂ ಹಾಡುವ ಕುಮ್ಮಟದುರ್ಗದ ಪತನ ಇದೇ. ಗುರ್ಶಾಸ್ಪ್ ಅಲ್ಲಿಂದ ಬಲ್ಲಾಳನ ಬಳಿಗೆ ಓಡಿದ. ಹದಿನಾರು ವರ್ಷ ಹಿಂದೆ ಪಾಠ ಕಲಿತಿದ್ದ ಬಲ್ಲಾಳ ಅವನನ್ನು ಒಪ್ಪಿಸಿಬಿಟ್ಟ.

ಕಂಪಿಲಿಯ ರಾಜನ ಹನ್ನೊಂದು ಮಕ್ಕಳು ಸೆರೆಯಾಗಿ ಸುಲ್ತಾನನ ಬಳಿ ಬಂದು ಮತಾಂತರಗೊಂಡು ಅಮೀರರಾದರು ಎಂದು ಬತೂತ ಹೇಳುತ್ತಾನೆ. ಅವರಲ್ಲಿ ಮೂವರನ್ನು ತಾನೇ ಕಂಡಿದ್ದಾಗಿಯೂ ಬರೆಯುತ್ತಾನೆ. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದ ಆ ಮೂವರು ಈ ಕಂಬಗಳ ನಡುವೆ ಓಡಾಡಿರಬೇಕು. ತಮ್ಮತಮ್ಮಲ್ಲೇ ಮಾತಾಡುವಾಗ ಯಾವ ಭಾಷೆ ಬಾಯಿಗೆ ಬರುತ್ತಿತ್ತೋ, ಅದನ್ನು ಯಾರೂ ಬರೆದಿಡಲಿಲ್ಲ.

ಇದೇ ಬತೂತ ಮುಂದೆ ದಿಲ್ಲಿ ಬಿಟ್ಟು ಕರಾವಳಿಗೆ ಇಳಿದ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿವೆ ಎಂದು ಎಣಿಸಿ ಬರೆದ. ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ ಮುದಿ ಬಲ್ಲಾಳನ ಚರ್ಮಕ್ಕೆ ಹುಲ್ಲು ತುಂಬಿ ಕೋಟೆಗೋಡೆಗೆ ನೇತುಹಾಕಿದ್ದನ್ನೂ ಕಂಡ. ದಿಲ್ಲಿಗೆ ಮಗನನ್ನು ಕಳಿಸಿ ರಾಜ್ಯ ಉಳಿಸಿಕೊಂಡಿದ್ದ ಬಲ್ಲಾಳ ಇವನೇ.

ಇಷ್ಟು ಕೇಳಿದ ಮಕ್ಕಳಿಗೆ ಸ್ವಲ್ಪ ಗಾಳಿ ಬೇಕು. ಮಧ್ಯಾಹ್ನದ ಮೇಲೆ ಫಿರೋಜ್ ಶಹ ಕೋಟ್ಲಾಕ್ಕೆ ಹೋಗಬಹುದು. ಪಕ್ಕದ ಕ್ರೀಡಾಂಗಣದಲ್ಲೇ 1999ರ ಫೆಬ್ರವರಿ 7ರಂದು ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು. ಭಾವನಿಗೆ ಇದೊಂದೇ ಕಾರಣ ಸಾಕು.

ಕೋಟ್ಲಾದ ಒಳಗೆ ಮೆಟ್ಟಿಲು ಮೆಟ್ಟಿಲಾದ ಕಟ್ಟಡದ ನೆತ್ತಿಯ ಮೇಲೆ ಅಶೋಕನ ಕಂಬ ನಿಂತಿದೆ. ಫಿರೋಜ್ ಶಹ ಅದನ್ನು ತೋಪ್ರಾ ಎಂಬ ಹಳ್ಳಿಯಿಂದ 42 ಚಕ್ರದ ಬಂಡಿಯಲ್ಲಿ ಎಳೆಸಿ, ಯಮುನೆಯ ಮೇಲೆ ದೋಣಿಗಳಲ್ಲಿ ಸಾಗಿಸಿ ತಂದ. ಮೇಲಿನ ಅಕ್ಷರ ಓದಲು ಪಂಡಿತರನ್ನು ಕರೆಸಿದ; ಯಾರಿಗೂ ಆಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದಾಗ ಸಿಕ್ಕ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ. ಅವನು ಅಶೋಕನೇ ಎಂಬುದಕ್ಕೆ ಕಲ್ಲಿನ ಮೇಲಿನ ನೇರ ಸಾಕ್ಷಿ ದೊರೆತದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ದಿಲ್ಲಿಯ ಕಂಬ ಕೇಳಿದ ಪ್ರಶ್ನೆಗೆ ಕನ್ನಡ ನಾಡಿನ ಬಂಡೆ ಉತ್ತರ ಕೊಟ್ಟಿತು.

ಬಿಡಬೇಕಾದ್ದು

ಎರಡು ದಿನಕ್ಕೆ ಇಷ್ಟೇ. ತುಘಲಕಾಬಾದ್, ಪುರಾನಾ ಕಿಲಾ ಇನ್ನೊಮ್ಮೆಗೆ. ಆಗ್ರಾಕ್ಕೆ ಅದರದ್ದೇ ಆದ ಇನ್ನೊಂದು ರಜೆ ಬೇಕು. ಅಕ್ಕ ಕೆಂಪುಕೋಟೆಗೆ ಹಟ ಹಿಡಿದರೆ ಭಾನುವಾರದ ಕೋಟ್ಲಾದ ಜೊತೆಗೇ ಸೇರಿಸಬಹುದು, ಅದು ಹೆಚ್ಚು ದೂರವಿಲ್ಲ. ಸೋಮವಾರಕ್ಕೆ ಇಟ್ಟುಕೊಂಡರೆ ಬಾಗಿಲು ಮುಚ್ಚಿರುತ್ತದೆ.

ಸೋಮವಾರ ಬೆಳಿಗ್ಗೆ, ವಿಮಾನ ನಿಲ್ದಾಣಕ್ಕೆ ಹೊರಡುವ ಮುನ್ನ ಒಂದು ಗಂಟೆ ಸಿಕ್ಕರೆ ವಸಂತ್ ಕುಂಜ್‌ನ ಮಗ್ಗುಲಲ್ಲೇ, ಮಹಿಪಾಲಪುರದ ರಸ್ತೆಯಿಂದ ಸ್ವಲ್ಪ ಒಳಗೆ ಸುಲ್ತಾನ್ ಘಾರಿ ಇದೆ. ಅದು ಯಾವ ಏಳರ ಪಟ್ಟಿಗೂ ಸೇರದ ಜಾಗ. ಬಂಗಾಳದಲ್ಲಿ ತೀರಿಕೊಂಡ ಹಿರಿಯ ಮಗ ನಾಸಿರುದ್ದೀನ್ ಮಹಮೂದನಿಗಾಗಿ ಇಲ್ತುತ್‌ಮಿಷ್ 1231ರಲ್ಲಿ ಕಟ್ಟಿಸಿದ ಸಮಾಧಿ ಇದು. ದಿಲ್ಲಿ ಸುಲ್ತಾನರ ಸಮಾಧಿ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಹಳೆಯದು. ಹೊರಗಿನಿಂದ ಪುಟ್ಟ ಕೋಟೆಯಂತೆ ಕಾಣುತ್ತದೆ. ಹಳೆಯ ದೇವಾಲಯಗಳ ಕಂಬ–ತೊಲೆಗಳು ಅದರಲ್ಲಿ ಸೇರಿಹೋಗಿವೆ. ಅಂಗಳದ ನಡುವೆ ಮೆಟ್ಟಿಲಿಳಿದರೆ ನೆಲದಡಿಯಲ್ಲಿ ಎಂಟು ಮೂಲೆಯ ಕತ್ತಲ ಕೋಣೆ. ಗಾರ್ ಎಂದರೆ ಗುಹೆ. ಹೆಸರು ಬಂದದ್ದು ಅದರಿಂದ.

ಸುತ್ತಲ ಹಳ್ಳಿಗಳ ಹಿಂದೂಗಳೂ ಮುಸ್ಲಿಮರೂ ಗುರುವಾರಗಳಂದು ಇಲ್ಲಿಗೆ ಬಂದು ದೀಪ ಹಚ್ಚುತ್ತಾರೆ. ಅವರ ಪಾಲಿಗೆ ಒಳಗೆ ಮಲಗಿರುವವನು ಸುಲ್ತಾನನ ಮಗನಲ್ಲ, ಪೀರ್ ಬಾಬಾ. ಹೊಸದಾಗಿ ಮದುವೆಯಾದವರೂ ಹರಸಿಕೊಳ್ಳಲು ಬರುತ್ತಾರೆ. ದೂರದ ಊರಿಗೆ ಹೋದ ಮಗ ಮರಳದೆ ಹೋದದ್ದಕ್ಕೆ ಒಬ್ಬ ತಂದೆ ಇಲ್ಲಿ ಕಲ್ಲು ನಿಲ್ಲಿಸಿದ. ಎಂಬತ್ತೆರಡು ವರ್ಷಗಳ ನಂತರ, ಮಗ ಮರಳಿ ಬಂದದ್ದನ್ನು ಕನ್ನಡ ನಾಡಿನ ಕಲ್ಲಿನಲ್ಲಿ ಬರೆದರು. ತಲೆಯ ಮೇಲೆ ಇಳಿಯುವ ವಿಮಾನಗಳ ಸದ್ದು ಕೇಳುತ್ತಿರುತ್ತದೆ. ನೆಂಟರ ಸೂಟ್‌ಕೇಸು ಕಾರಿನಲ್ಲೇ ಇರಲಿ. ನಿಲ್ದಾಣ ಇಲ್ಲಿಂದ ಹತ್ತಿರ.